ಗಡಿ ದಾಟುವ ಗಾಡಿ, ಗಡಿಯಲ್ಲೇ ನಿಲ್ಲುವ ವಿಮೆ

ಮಂಗಳೂರಿನಿಂದ ಹೊರಟು ಚಾರ್ಮಾಡಿ ಘಟ್ಟ ಹತ್ತಿ, ಮೂಡಿಗೆರೆ ದಾಟಿ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ, ತಿಪಟೂರುಗಳ ಮೂಲಕ ತುಮಕೂರು ಸೇರುವ ರಸ್ತೆಯೊಂದುಂಟು. ಅದು ರಾಷ್ಟ್ರೀಯ ಹೆದ್ದಾರಿ 73. ಈ ಒಂದೇ ರಸ್ತೆಯಲ್ಲಿ ತೆಂಗಿನಕಾಯಿ ಹೇರಿದ ಲಾರಿಗಳೂ ಹೋಗುತ್ತವೆ, ಶಾಲಾ ಪ್ರವಾಸದ ಬಸ್ಸುಗಳೂ ಹೋಗುತ್ತವೆ. ಬೇಲೂರಿನ ಚೆನ್ನಕೇಶವ ದೇವಾಲಯವನ್ನೂ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನೂ ನೋಡಲು ಬರುವ ಕಾರುಗಳೂ ಇದರಲ್ಲಿಯೇ ಓಡುತ್ತವೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಮುಂದಿನ ಸಲ ನೀವು ಹಳೇಬೀಡಿಗೆ ಹೋದಾಗ ಒಂದು ಕೆಲಸ ಮಾಡಿ. ದೇವಾಲಯದ ಮುಂದೆ ನಿಂತಿರುವ ವಾಹನಗಳ ನಂಬರ್ ಪ್ಲೇಟುಗಳನ್ನು ಓದುತ್ತ ಹೋಗಿ. ಕೆಎ 13 ಎಂದಿದ್ದರೆ ಅದು ನಮ್ಮ ಹಾಸನದ್ದು. ಕೆಎಲ್ ಎಂದಿದ್ದರೆ ಕೇರಳದ್ದು, ಟಿಎನ್ ಎಂದಿದ್ದರೆ ತಮಿಳುನಾಡಿನದು, ಎಂಎಚ್ ಎಂದಿದ್ದರೆ ಮಹಾರಾಷ್ಟ್ರದ್ದು. ಈ ವಾಹನಗಳೆಲ್ಲ ಒಂದಲ್ಲ ಒಂದು ಗಡಿ ದಾಟಿಯೇ ಇಲ್ಲಿಗೆ ಬಂದಿವೆ. ಪ್ರತಿಯೊಂದಕ್ಕೂ ವಿಮಾ ಪತ್ರವೊಂದು, ಅಂದರೆ ಇನ್ಶೂರೆನ್ಸ್ ಪಾಲಿಸಿಯೊಂದು ಇರಲೇಬೇಕು.

ಹಾಗಾದರೆ ಒಂದು ಪ್ರಶ್ನೆ. ಕಾರು ಗಡಿ ದಾಟಿದಾಗ ಅದರ ವಿಮೆಯೂ ಜೊತೆಗೆ ದಾಟುತ್ತದೆಯೆ? ತಾಲ್ಲೂಕಿನ ಗಡಿಯಿದೆ, ಜಿಲ್ಲೆಯ ಗಡಿಯಿದೆ, ರಾಜ್ಯದ ಗಡಿಯಿದೆ, ಕೊನೆಗೆ ದೇಶದ ಗಡಿಯಿದೆ. ಇವುಗಳಲ್ಲಿ ಯಾವ ಗಡಿಯಲ್ಲಿ ವಿಮೆ ನಿಂತುಬಿಡುತ್ತದೆ? ಏಕೆ ನಿಲ್ಲುತ್ತದೆ? ಇಂದಿನ ನಮ್ಮ ವಿಷಯ ಇದೇ.

ವಿಮೆ ಯಾರದು?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಿಕೊಳ್ಳೋಣ. 'ಕಾರಿಗೆ ವಿಮೆ ಮಾಡಿಸಿದೆ' ಎಂದು ನಾವು ಹೇಳುತ್ತೇವೆ. ಕೇಳಿದವರಿಗೆ ಅದು ಕಾರನ್ನು ಕಾಪಾಡುವ ವ್ಯವಸ್ಥೆ ಎನಿಸುತ್ತದೆ. ಆದರೆ ಕಾಯಿದೆ ಕಡ್ಡಾಯ ಮಾಡಿರುವುದು ಕಾರಿನ ರಕ್ಷಣೆಯನ್ನಲ್ಲ. ನಿಮ್ಮ ಕಾರು ಜಖಂ ಆದರೆ ಅದನ್ನು ಸರಿಪಡಿಸಿಕೊಳ್ಳಲು ವಿಮೆ ಮಾಡಿಸುವುದು ಬಿಡುವುದು ನಿಮ್ಮ ಇಷ್ಟ. ಆದರೆ ನಿಮ್ಮ ಕಾರಿನಿಂದ ರಸ್ತೆಯಲ್ಲಿದ್ದ ಮತ್ತೊಬ್ಬರಿಗೆ ಪೆಟ್ಟಾದರೆ, ಅವರಿಗೆ ಪರಿಹಾರ ದೊರಕಿಸುವ ವಿಮೆ ಇಲ್ಲದೆ ವಾಹನವನ್ನು ರಸ್ತೆಗೆ ತರುವಂತಿಲ್ಲ.

ವಿಮೆಯ ಒಪ್ಪಂದದಲ್ಲಿ ಮೊದಲನೆಯ ಪಕ್ಷ ವಾಹನದ ಮಾಲೀಕ, ಎರಡನೆಯ ಪಕ್ಷ ವಿಮಾ ಕಂಪನಿ. ಈ ಇಬ್ಬರೂ ಮುಖ ನೋಡಿರದ, ಹೆಸರು ತಿಳಿದಿರದ ದಾರಿಹೋಕನೇ ಮೂರನೆಯವನು. ಅದಕ್ಕೇ ಇದನ್ನು 'ಥರ್ಡ್ ಪಾರ್ಟಿ' ವಿಮೆ ಎನ್ನುತ್ತಾರೆ. ಸಂತೆಗೆ ನಡೆದು ಹೋಗುವ ರೈತ, ಸೈಕಲ್ಲಿನಲ್ಲಿ ಶಾಲೆಗೆ ಹೊರಟ ಹುಡುಗಿ, ರಸ್ತೆ ಬದಿಯಲ್ಲಿ ಎಳನೀರು ಮಾರುವವನು ಇವರೇ ಆ ಮೂರನೆಯವರು. ಅವರು ಒಂದು ರೂಪಾಯಿ ಕಂತನ್ನೂ ಕಟ್ಟಿಲ್ಲ. ಆದರೂ ಕಾಯಿದೆ ಈ ವಿಮೆಯನ್ನು ಹುಟ್ಟುಹಾಕಿದ್ದು ಅವರಿಗಾಗಿಯೇ.

ಈ ಆಲೋಚನೆ ಹೇಗೆ ಬಂತು? ಮೋಟಾರು ವಾಹನಗಳು ಹೆಚ್ಚಿದಂತೆ ಅಪಘಾತಗಳೂ ಹೆಚ್ಚಿದವು. ಗಾಯಗೊಂಡವರು ನ್ಯಾಯಾಲಯದಲ್ಲಿ ಗೆದ್ದರೂ ಮಾಲೀಕನ ಕೈಯಲ್ಲಿ ಹಣವಿಲ್ಲದಿದ್ದರೆ ತೀರ್ಪಿನ ಕಾಗದವಷ್ಟೇ ಉಳಿಯುತ್ತಿತ್ತು. ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯಿದೆ ಮೂರನೆಯವರಿಗಾಗಿ ವಿಮೆಯನ್ನು ಕಡ್ಡಾಯ ಮಾಡಿತು. ಅದೇ ದಾರಿಯಲ್ಲಿ ಬಂದದ್ದು ಆಗಿನ ಬ್ರಿಟಿಷ್ ಇಂಡಿಯಾದ 1939ರ ಮೋಟಾರು ವಾಹನ ಕಾಯಿದೆ. ಅದರ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಈಗ ನಡೆಯುತ್ತಿರುವುದು 1988ರ ಮೋಟಾರು ವಾಹನ ಕಾಯಿದೆ. ಅದು 1989ರ ಜುಲೈ 1ರಿಂದ ಜಾರಿಯಲ್ಲಿದ್ದು, 2019ರಲ್ಲಿ ದೊಡ್ಡ ತಿದ್ದುಪಡಿಗಳನ್ನು ಕಂಡಿದೆ. ಅದರ 146ನೆಯ ಕಲಮು ವಿಮೆಯನ್ನು ಕಡ್ಡಾಯ ಮಾಡುತ್ತದೆ. ವಿಮೆಯಿಲ್ಲದೆ ವಾಹನ ಓಡಿಸಿದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಇಲ್ಲವೆ 3 ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ ಆಗಬಹುದು.

ಆದ್ದರಿಂದ ವಿಮೆ ಗಡಿ ದಾಟುತ್ತದೆಯೆ ಎಂಬ ಪ್ರಶ್ನೆಯನ್ನು ಹೀಗೆ ತಿರುಗಿಸಿ ಕೇಳಬೇಕು: ಗಡಿಯಾಚೆಯ ದಾರಿಹೋಕನನ್ನು ಕಾಪಾಡುವವರು ಯಾರು?

ಸುಂಕದ ಕಟ್ಟೆಯ ಕಾಲದಲ್ಲಿ

ಗಡಿ ದಾಟುವ ಗಾಡಿಯ ಚಿಂತೆ ನಮ್ಮ ನಾಡಿಗೆ ಹೊಸದಲ್ಲ. ಹಳೇಬೀಡು ದ್ವಾರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿದ್ದ ಕಾಲದಲ್ಲಿ ವ್ಯಾಪಾರಿಗಳ ಎತ್ತುಗಳೂ ಗಾಡಿಗಳೂ ಸುಂಕ ತೆತ್ತು ನಾಡಿನಿಂದ ನಾಡಿಗೆ ಹೋಗುತ್ತಿದ್ದವು. ಆ ಕಾಲದ ಶಾಸನಗಳಲ್ಲಿ 'ಹೆಜ್ಜುಂಕ'ವೇ ಮೊದಲಾದ ಸುಂಕಗಳ ಹೆಸರು ಬರುತ್ತದೆ. ದೂರದ ದಾರಿ ಹಿಡಿದ ವ್ಯಾಪಾರಿ ಒಂಟಿಯಾಗಿ ಹೊರಡುತ್ತಿರಲಿಲ್ಲ. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಹೆಸರು ಕರ್ನಾಟಕದ ಉದ್ದಗಲದ ಶಾಸನಗಳಲ್ಲಿ ಸಿಗುತ್ತದೆ. ಅಷ್ಟೇ ಅಲ್ಲ, 'ಐನೂರ್ವರ' ಹೆಸರಿರುವ 1088ರ ತಮಿಳು ಶಾಸನವೊಂದು ಸಮುದ್ರದಾಚೆಯ ಸುಮಾತ್ರಾ ದ್ವೀಪದಲ್ಲಿಯೂ ದೊರೆತಿದೆ.

ಇವರಿಗೆ ಈಗಿನ ಅರ್ಥದ ವಿಮೆ ಇತ್ತೆಂದು ಹೇಳಲಾಗದು. ಆದರೆ ಪರನಾಡಿಗೆ ಕಾಲಿಡುವಾಗ ನಮ್ಮೂರಿನ ರಕ್ಷಣೆ ಹಿಂದೆಯೇ ಉಳಿಯುತ್ತದೆ, ಅಲ್ಲಿ ನಮ್ಮನ್ನು ನಂಬುವ, ನಮ್ಮ ಪರವಾಗಿ ನಿಲ್ಲುವ ಒಂದು ಕೂಟ ಬೇಕು ಎಂಬ ತಿಳಿವಳಿಕೆ ಅವರಿಗಿತ್ತು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಯುರೋಪಿನ ಹಸಿರು ಕಾರ್ಡಿನ ವಿಚಾರ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ರಾಜ್ಯದ ಗಡಿಯಲ್ಲಿ

ಈಗ ಮೊದಲ ದೊಡ್ಡ ಗಡಿಗೆ ಬರೋಣ. ಅರಸೀಕೆರೆಯ ಒಂದು ಕುಟುಂಬ ತನ್ನ ಕಾರಿನಲ್ಲಿ ಮಂಗಳೂರಿಗೆ ಹೋಗಿ, ಅಲ್ಲಿಂದ ತಲಪಾಡಿ ದಾಟಿ ಕಾಸರಗೋಡಿನ ನೆಂಟರ ಮನೆಗೆ ಹೊರಟಿದೆ ಎಂದುಕೊಳ್ಳಿ. ತಲಪಾಡಿಯಲ್ಲಿ ಕರ್ನಾಟಕ ಮುಗಿದು ಕೇರಳ ಆರಂಭವಾಗುತ್ತದೆ. ಅಲ್ಲಿ ವಿಮೆ ನಿಲ್ಲುತ್ತದೆಯೆ?

ಇಲ್ಲ. ಮೋಟಾರು ವಾಹನ ಕಾಯಿದೆ ಸಂಸತ್ತು ಮಾಡಿದ ಕಾಯಿದೆ, ಇಡೀ ಭಾರತಕ್ಕೆ ಅನ್ವಯಿಸುವಂಥದು. ಅದರ ಪ್ರಕಾರ ಕೊಟ್ಟ ವಿಮಾ ಪತ್ರವೂ ದೇಶದ ಎಲ್ಲ ಕಡೆ ನಡೆಯುತ್ತದೆ. ರಾಜ್ಯದ ಗಡಿಯಲ್ಲಿ ಬದಲಾಗುವುದು ತೆರಿಗೆ ಮತ್ತು ಬಾಡಿಗೆ ವಾಹನಗಳ ರಹದಾರಿ, ಅಂದರೆ ಪರ್ಮಿಟ್. ಹಳದಿ ಫಲಕದ ಟ್ಯಾಕ್ಸಿಗೆ ಮತ್ತೊಂದು ರಾಜ್ಯದಲ್ಲಿ ಓಡಲು ಸರಿಯಾದ ರಹದಾರಿ ಬೇಕು. ಬಿಳಿ ಫಲಕದ ಸ್ವಂತ ಕಾರಿಗೆ ಆ ತೊಡಕಿಲ್ಲ.

ಗಾಯಗೊಂಡವರ ಕಡೆಯಿಂದಲೂ ನೋಡಿ. ಹಳೇಬೀಡಿನ ಒಬ್ಬ ವಿದ್ಯಾರ್ಥಿಗೆ ಹೊರರಾಜ್ಯದ ಪ್ರವಾಸಿ ವಾಹನವೊಂದು ಡಿಕ್ಕಿ ಹೊಡೆಯಿತು ಎಂದುಕೊಳ್ಳಿ. ವಾಹನದ ಮಾಲೀಕ ಕೊಯಮತ್ತೂರಿನವನು, ವಿಮಾ ಕಂಪನಿಯ ಶಾಖೆಯೂ ಅಲ್ಲಿಯದು. ಈ ಬಡ ಕುಟುಂಬ ಪರಿಹಾರಕ್ಕಾಗಿ ಕೊಯಮತ್ತೂರಿಗೆ ಅಲೆಯಬೇಕೆ? ಬೇಕಿಲ್ಲ. ಕಾಯಿದೆಯ 166ನೆಯ ಕಲಮಿನಂತೆ ಅಪಘಾತ ನಡೆದ ಸ್ಥಳದ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದ, ಇಲ್ಲವೆ ಎದುರುದಾರರು ವಾಸಿಸುವ ಸ್ಥಳದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಆಯ್ಕೆ ಗಾಯಗೊಂಡವರದು. ಹಾಸನ ಜಿಲ್ಲೆಯ ನ್ಯಾಯಮಂಡಳಿಯಲ್ಲಿಯೇ ಅರ್ಜಿ ನಡೆಯುತ್ತದೆ, ಕಂಪನಿಯೇ ಇಲ್ಲಿಗೆ ಬಂದು ಉತ್ತರ ಕೊಡಬೇಕು. ಆದರೆ 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯು ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಹೇಳುವುದರಿಂದ ತಡ ಮಾಡಬಾರದು.

ಇಲ್ಲಿ ನೀವು ಪ್ರವಾಸ ಹೊರಡುವಾಗ ಗಮನಿಸಬೇಕಾದ ಒಂದು ಮಾತಿದೆ. ಕಡಿಮೆ ಬಾಡಿಗೆಗೆ ಸಿಗುತ್ತದೆಂದು ಪರಿಚಯದವರ ಬಿಳಿ ಫಲಕದ ಕಾರನ್ನು ಗೊತ್ತುಮಾಡಿಕೊಳ್ಳುವುದುಂಟು. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ಕಾರನ್ನು ಬಾಡಿಗೆಗೆ ಓಡಿಸುವುದು ಪಾಲಿಸಿಯ ಷರತ್ತಿನ ಉಲ್ಲಂಘನೆ. ಅಪಘಾತವಾದರೆ ಕಂಪನಿ ತಕರಾರು ತೆಗೆಯುತ್ತದೆ, ಒಳಗೆ ಕುಳಿತವರಿಗೆ ಪರಿಹಾರ ಸಿಗುವುದು ಕಷ್ಟವಾಗುತ್ತದೆ. ರಾಜ್ಯದ ಗಡಿ ವಿಮೆಯನ್ನು ನಿಲ್ಲಿಸುವುದಿಲ್ಲ, ಆದರೆ ಸುಳ್ಳು ಬಳಕೆ ನಿಲ್ಲಿಸಬಲ್ಲದು.

ಹಾಗಾದರೆ ಮಾಲೀಕನ ತಪ್ಪಿಗೆ ದಾರಿಹೋಕ ದಂಡ ತೆರಬೇಕೆ? ಚಾಲಕನಿಗೆ ಸರಿಯಾದ ಲೈಸೆನ್ಸ್ ಇಲ್ಲದ ಸಂದರ್ಭಗಳನ್ನು ಸುಪ್ರೀಂ ಕೋರ್ಟು ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ವಿಚಾರಿಸಿತು. ಅಲ್ಲಿಂದ ಗಟ್ಟಿಯಾದ ನಿಯಮ ಸರಳವಾದದ್ದು: ಮೊದಲು ಕಂಪನಿ ಗಾಯಗೊಂಡವರಿಗೆ ಹಣ ಕೊಡಲಿ, ಆಮೇಲೆ ತಪ್ಪು ಮಾಡಿದ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ. ಮೂರನೆಯವನನ್ನು ನಡುನೀರಿನಲ್ಲಿ ಬಿಡಬಾರದು ಎಂಬುದೇ ಇದರ ತಿರುಳು.

ದೇಶದ ಗಡಿಯಲ್ಲಿ

ಈಗ ನಿಜವಾದ ಗಡಿಗೆ ಬರೋಣ. ಕಾಠ್ಮಂಡುವಿನ ಪಶುಪತಿನಾಥ ದೇವಾಲಯಕ್ಕೂ ಕನ್ನಡ ನಾಡಿಗೂ ಹಳೆಯ ನಂಟು. ಅಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯಿಂದ ಹೋದವರು. ನಿಮ್ಮ ದೊಡ್ಡಪ್ಪ ಈ ಬೇಸಿಗೆಯಲ್ಲಿ ತಮ್ಮ ಕಾರಿನಲ್ಲಿಯೇ ಮನೆಮಂದಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಹೊರಟರು ಎಂದುಕೊಳ್ಳಿ. ಅರಸೀಕೆರೆಯಿಂದ ಹೈದರಾಬಾದು, ನಾಗಪುರ, ಜಬಲ್‌ಪುರ, ವಾರಾಣಸಿ ಹಾದು, ಗೋರಖಪುರದ ಆಚೆಯ ಸೋನೌಲಿ ಗಡಿ ತಲುಪಿ ಕಾಠ್ಮಂಡು ಸೇರಲು 2,000 ಕಿಲೋಮೀಟರಿಗೂ ಹೆಚ್ಚು ದಾರಿ. ಇಷ್ಟು ರಾಜ್ಯಗಳನ್ನು ದಾಟುವಾಗ ವಿಮೆಯ ಮಾತೇ ಬರಲಿಲ್ಲ. ಸೋನೌಲಿಯ ದ್ವಾರದ ಮುಂದೆ ನೀವು ಕೇಳುತ್ತೀರಿ: 'ದೊಡ್ಡಪ್ಪ, ನೇಪಾಳಕ್ಕೆ ವಿಮೆ ಇದೆಯಾ?' ಅವರು ಹೇಳುತ್ತಾರೆ: 'ಇದೆಯಲ್ಲೋ ಮಗಾ, ಹೋದ ತಿಂಗಳು ತಾನೇ ಕಟ್ಟಿದ್ದೀನಿ.'

ದೊಡ್ಡಪ್ಪ ಕಟ್ಟಿರುವುದು ನಿಜ. ಆದರೆ ಪಾಲಿಸಿಯ ಮೊದಲ ಹಾಳೆಯಲ್ಲಿ 'ಜಿಯಾಗ್ರಫಿಕಲ್ ಏರಿಯಾ' ಎಂಬ ಒಂದು ಸಾಲಿರುತ್ತದೆ. ಭೌಗೋಳಿಕ ವ್ಯಾಪ್ತಿ ಎಂದು ಅದರ ಅರ್ಥ. ಅದರ ಮುಂದೆ 'ಇಂಡಿಯಾ' ಎಂದಷ್ಟೇ ಅಚ್ಚಾಗಿರುತ್ತದೆ. ಅಂದರೆ ದ್ವಾರದ ಈಚೆಗೆ ಚಕ್ರವಿದ್ದಾಗ ಇದ್ದ ವಿಮೆ, ದ್ವಾರದ ಆಚೆಗೆ ಚಕ್ರ ಉರುಳಿದೊಡನೆ ಇಲ್ಲವಾಗುತ್ತದೆ. ಕಾರು ಅದೇ, ಚಾಲಕ ಅವರೇ, ಕಂತು ಕಟ್ಟಿದ ರಸೀದಿಯೂ ಕೈಯಲ್ಲೇ ಇದೆ. ಆದರೂ ರಕ್ಷಣೆ ಇಲ್ಲ.

ಏಕೆ ಹೀಗೆ? ವಿಮೆಯೆಂಬುದು ಒಂದು ವಾಗ್ದಾನ. 'ನ್ಯಾಯಮಂಡಳಿ ಗೊತ್ತುಮಾಡಿದ ಪರಿಹಾರವನ್ನು ನಾವು ಕೊಡುತ್ತೇವೆ' ಎಂಬ ವಾಗ್ದಾನ. ಆ ವಾಗ್ದಾನಕ್ಕೆ ಬೆಲೆ ಕಟ್ಟುವಾಗ ಕಂಪನಿ ನಮ್ಮ ದೇಶದ ಕಾಯಿದೆ, ನಮ್ಮ ನ್ಯಾಯಾಲಯಗಳು, ನಮ್ಮ ರಸ್ತೆಗಳು, ಇಲ್ಲಿಯ ಅಪಘಾತಗಳ ಪ್ರಮಾಣ ಇವನ್ನು ಲೆಕ್ಕ ಹಾಕಿರುತ್ತದೆ. ಗಡಿಯ ಆಚೆ ಬೇರೆ ಕಾಯಿದೆ, ಬೇರೆ ನ್ಯಾಯಾಲಯ, ಬೇರೆ ನಾಣ್ಯ. ಕೇಳದೆ, ಲೆಕ್ಕ ಹಾಕದೆ ಅಲ್ಲಿಗೂ ವಾಗ್ದಾನ ಮಾಡಲು ಕಂಪನಿ ಒಪ್ಪುವುದಿಲ್ಲ.

ಆದರೆ ಕೇಳಿದರೆ ಒಪ್ಪುತ್ತದೆ. ಇದಕ್ಕೆ ನಮ್ಮಲ್ಲಿ ವ್ಯವಸ್ಥೆಯುಂಟು. 2002ರ ಭಾರತೀಯ ಮೋಟಾರು ದರಪಟ್ಟಿಯು ಪಾಲಿಸಿಯ ಭೌಗೋಳಿಕ ವ್ಯಾಪ್ತಿಯನ್ನು ಆರು ನೆರೆ ದೇಶಗಳಿಗೆ ವಿಸ್ತರಿಸಲು ಅವಕಾಶ ಕೊಟ್ಟಿತು. ಅವು ಬಾಂಗ್ಲಾದೇಶ, ಭೂತಾನ, ನೇಪಾಳ, ಪಾಕಿಸ್ತಾನ, ಶ್ರೀಲಂಕಾ ಮತ್ತು ಮಾಲ್ಡೀವ್ಸ್. ವಾಹನದ ಹಾನಿ ಮತ್ತು ಮೂರನೆಯವರ ಹೊಣೆ ಎರಡೂ ಸೇರಿದ ಪ್ಯಾಕೇಜ್ ಪಾಲಿಸಿಗೆ 500 ರೂಪಾಯಿ, ಮೂರನೆಯವರ ಹೊಣೆ ಮಾತ್ರ ಇರುವ ಪಾಲಿಸಿಗೆ 100 ರೂಪಾಯಿ ಹೆಚ್ಚುವರಿ ಕಂತನ್ನು ಆ ದರಪಟ್ಟಿ ಗೊತ್ತುಮಾಡಿತ್ತು. ವಿಸ್ತರಣೆಯ ಅವಧಿ 12 ತಿಂಗಳು ಮೀರುವಂತಿರಲಿಲ್ಲ. ಆಮೇಲೆ ವಿಮಾ ದರಗಳ ವ್ಯವಸ್ಥೆ ಬದಲಾಗಿದೆ, ಆದ್ದರಿಂದ ಇಂದಿನ ದರವನ್ನು ಹೊರಡುವ ಮುನ್ನ ನಿಮ್ಮ ಕಂಪನಿಯಲ್ಲಿಯೇ ಕೇಳಬೇಕು. ಎರಡು ಸಾವಿರ ಕಿಲೋಮೀಟರಿನ ಪೆಟ್ರೋಲ್ ಖರ್ಚಿನ ಮುಂದೆ 500 ರೂಪಾಯಿ ಎಷ್ಟು ಸಣ್ಣದು ಎಂಬುದನ್ನು ನೀವೇ ಲೆಕ್ಕ ಹಾಕಿ.

ಈ ವಿಸ್ತರಣೆಯಲ್ಲಿ ಒಂದು ಸೂಕ್ಷ್ಮವಿದೆ. ವಾಹನವನ್ನು ಹಡಗಿನಲ್ಲಿಯೋ ವಿಮಾನದಲ್ಲಿಯೋ ಸಾಗಿಸುವ ಸಮಯಕ್ಕೆ ಇದು ಅನ್ವಯಿಸುವುದಿಲ್ಲ. ನೇಪಾಳ, ಭೂತಾನಗಳಿಗೆ ನೆಲದ ದಾರಿಯಿರುವುದರಿಂದ ತೊಂದರೆಯಿಲ್ಲ. ಶ್ರೀಲಂಕಾ, ಮಾಲ್ಡೀವ್ಸ್‌ಗಳಿಗೆ ಕಾರನ್ನು ಸಾಗಿಸುವವರು ಸಮುದ್ರದ ಪಯಣಕ್ಕೆ ಬೇರೆಯೇ ವಿಮೆ ಮಾಡಿಸಬೇಕು.

ವಿಸ್ತರಣೆ ಮಾಡಿಸಿದ್ದು ಗೊತ್ತಾಗುವುದು ಹೇಗೆ? ಪಾಲಿಸಿಗೆ ಲಗತ್ತಿಸುವ ಒಂದು ಹಾಳೆಯಿಂದ. ಅದನ್ನು 'ಎಂಡಾರ್ಸ್‌ಮೆಂಟ್' ಎನ್ನುತ್ತಾರೆ. ಅದರಲ್ಲಿ ದೇಶದ ಹೆಸರೂ ಆರಂಭದ ಮತ್ತು ಮುಗಿಯುವ ದಿನಾಂಕಗಳೂ ಇರಬೇಕು. 'ಹೋಗಿ ಬನ್ನಿ ಸಾರ್, ನಾನಿದ್ದೇನೆ' ಎಂಬ ಏಜೆಂಟರ ಬಾಯಿಮಾತು ಸೋನೌಲಿಯಾಚೆ ನಡೆಯುವುದಿಲ್ಲ.

ಇನ್ನೂ ಒಂದು ಮಾತು. ನೇಪಾಳದ ಗಡಿಯಲ್ಲಿ ಭಾರತದ ವಾಹನಕ್ಕೆ ದಿನದ ಲೆಕ್ಕದಲ್ಲಿ 'ಭನ್ಸಾರ್' ಎಂಬ ಸುಂಕ ಕಟ್ಟಿ ಚೀಟಿ ಪಡೆಯಬೇಕು. ಅನೇಕರು ಈ ಚೀಟಿಯನ್ನೇ ವಿಮೆಯೆಂದು ತಿಳಿಯುತ್ತಾರೆ. ಅಲ್ಲ. ಅದು ವಾಹನವನ್ನು ಒಳಗೆ ತರಲು ಸರ್ಕಾರಕ್ಕೆ ಕೊಡುವ ಹಣ. ಹೊಯ್ಸಳರ ಕಾಲದ ಸುಂಕದ ಇಂದಿನ ರೂಪ ಎನ್ನಿ. ಆ ಚೀಟಿಯಿಂದ ಗಾಯಗೊಂಡವನಿಗೆ ಬಿಡಿಗಾಸೂ ಸಿಗುವುದಿಲ್ಲ.

ಹೊರಗಿನಿಂದ ಬರುವವರು

ಇದರ ಇನ್ನೊಂದು ಮುಖವನ್ನೂ ನೋಡೋಣ. ತಮ್ಮ ದೇಶದಿಂದ ಸ್ವಂತ ವಾಹನದಲ್ಲಿಯೇ ಹೊರಟು ದೇಶ ದೇಶಗಳನ್ನು ಹಾದು ಭಾರತಕ್ಕೆ ಬರುವ ಪ್ರವಾಸಿಗಳೂ ಇದ್ದಾರೆ. ಅಂಥ ಒಂದು ವಾಹನ ಬೇಲೂರಿನ ಬೀದಿಗೆ ಬಂದಿತೆಂದುಕೊಳ್ಳಿ. ಅದರ ಬಳಿ ಸಾಮಾನ್ಯವಾಗಿ 'ಕಾರ್ನೆಟ್' ಎಂಬ ಪುಸ್ತಕವಿರುತ್ತದೆ. ವಾಹನವನ್ನು ಇಲ್ಲಿ ಮಾರಿಬಿಡದೆ ಮತ್ತೆ ಹೊರಗೆ ಕೊಂಡೊಯ್ಯುತ್ತೇವೆ, ತಪ್ಪಿದರೆ ಆಮದು ಸುಂಕಕ್ಕೆ ನಾವು ಹೊಣೆ ಎಂದು ಮೋಟಾರು ಸಂಘವೊಂದು ಕೊಡುವ ಖಾತರಿ ಅದು. ಅದೂ ವಿಮೆಯಲ್ಲ.

2022ರಲ್ಲಿ ಕೇಂದ್ರ ಸರ್ಕಾರ ಹೊರದೇಶಗಳಿಂದ ಬರುವ ಸ್ವಂತ ಬಳಕೆಯ ವಾಹನಗಳಿಗಾಗಿ ನಿಯಮಗಳನ್ನು ಹೊರಡಿಸಿತು. ವಾಹನದಲ್ಲಿ ನೋಂದಣಿ ಪತ್ರ, ಚಾಲನಾ ಪರವಾನಗಿ, ಚಾಲ್ತಿಯಲ್ಲಿರುವ ವಿಮಾ ಪತ್ರ ಇರಬೇಕು. ಅವು ಇಂಗ್ಲಿಷ್ ಅಲ್ಲದ ಭಾಷೆಯಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಜೊತೆಗಿರಬೇಕು. ಆ ವಾಹನದಲ್ಲಿ ಇಲ್ಲಿಯ ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಸಾಗಿಸುವಂತಿಲ್ಲ.

ಇದರ ಅರ್ಥವೇನು? ನೇಪಾಳದ ರಸ್ತೆಯಲ್ಲಿ ನಿಮ್ಮ ದೊಡ್ಡಪ್ಪನ ಕಾರಿನ ಮುಂದೆ ನಡೆಯುವ ಹುಡುಗ ಹೇಗೆ ಮೂರನೆಯವನೋ, ಹಾಗೆಯೇ ಪರದೇಶಿ ವಾಹನದ ಮುಂದೆ ಬೇಲೂರಿನ ಬೀದಿಯಲ್ಲಿ ನಡೆಯುವ ನೀವೂ ಮೂರನೆಯವರೇ. ನಿಮ್ಮ ರಕ್ಷಣೆಗಾಗಿ ನಾವು ಅವರಿಂದ ಏನನ್ನು ಕೇಳುತ್ತೇವೆಯೋ ಅದನ್ನೇ ನಾವು ಅವರ ನಾಡಿಗೆ ಹೋದಾಗ ಕೊಡಬೇಕು.

ಒಬ್ಬರನ್ನೊಬ್ಬರು ನಂಬುವ ದೇಶಗಳು

ಪ್ರತಿಯೊಂದು ಗಡಿಯಲ್ಲೂ ಹೊಸ ವಿಮೆ ಕೊಳ್ಳುವುದೆಂದರೆ ಬೇಸರದ ಕೆಲಸ. ಯುರೋಪಿನಲ್ಲಿ ದೇಶಗಳು ಚಿಕ್ಕವು, ಬೆಳಿಗ್ಗೆ ಹೊರಟವನು ಸಂಜೆಯೊಳಗೆ ಮೂರು ದೇಶ ದಾಟಬಹುದು. ಎರಡನೆಯ ಮಹಾಯುದ್ಧದ ನಂತರ, 1949ರಲ್ಲಿ, ವಿಶ್ವಸಂಸ್ಥೆಯ ಯುರೋಪಿನ ಆರ್ಥಿಕ ಆಯೋಗ ಒಂದು ದಾರಿ ಸೂಚಿಸಿತು. 1953ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದೇ ಹಸಿರು ಕಾರ್ಡು ಪದ್ಧತಿ.

ಅದು ನಡೆಯುವ ಬಗೆ ಹೀಗೆ. ಪ್ರತಿಯೊಂದು ಸದಸ್ಯ ದೇಶದಲ್ಲಿ ವಿಮಾ ಕಂಪನಿಗಳೆಲ್ಲ ಸೇರಿ ಒಂದು ಕೇಂದ್ರ ಕಚೇರಿ ನಡೆಸುತ್ತವೆ. ಅದಕ್ಕೆ ಬ್ಯೂರೋ ಎಂದು ಹೆಸರು. ಹೊರದೇಶದ ಕಾರಿನಿಂದ ಪೆಟ್ಟು ತಿಂದವನು ಆ ದೇಶಕ್ಕೆ ಹೋಗಬೇಕಾಗಿಲ್ಲ, ಆ ಭಾಷೆ ಕಲಿಯಬೇಕಾಗಿಲ್ಲ. ತನ್ನ ದೇಶದ ಬ್ಯೂರೋವನ್ನೇ ಕೇಳಿದರಾಯಿತು. ಪರಿಹಾರ ಇತ್ಯರ್ಥವಾದ ಮೇಲೆ ಆ ಹಣವನ್ನು ಕಾರಿನ ದೇಶದ ಬ್ಯೂರೋ ಭರಿಸುತ್ತದೆ. ಇವುಗಳ ಒಕ್ಕೂಟದ ಕಚೇರಿ ಬ್ರಸೆಲ್ಸ್ ನಗರದಲ್ಲಿದೆ. ಕಾರ್ಡಿನ ಬಣ್ಣ ಹಸಿರಾದ್ದರಿಂದ ಈ ಹೆಸರು ಬಂತು. 2020ರಿಂದ ಬಿಳಿ ಕಾಗದದಲ್ಲಿ ಮುದ್ರಿಸಲೂ ಅವಕಾಶವಾಗಿದೆ, ಹೆಸರು ಮಾತ್ರ ಹಾಗೆಯೇ ಉಳಿದಿದೆ. ಅಯ್ಯಾವೊಳೆಯ ವರ್ತಕರ ಕೂಟದ ಮಾತು ನೆನಪಿದೆಯಲ್ಲವೆ? ಪರನಾಡಿನಲ್ಲಿ ನಮ್ಮ ಪರವಾಗಿ ನಿಲ್ಲುವ ಒಂದು ಕೂಟ ಬೇಕೆಂಬ ಆಲೋಚನೆ ಇಲ್ಲಿ ಮತ್ತೊಂದು ಗುರಿಗೆ ದುಡಿಯುತ್ತಿದೆ. ಇಲ್ಲಿ ಕೂಟ ನಿಂತಿರುವುದು ಪಯಣಿಗನಿಗಾಗಿ ಮಾತ್ರವಲ್ಲ, ಅವನಿಂದ ನೋವುಂಡವನಿಗಾಗಿ.

ಅರಬ್ ರಾಷ್ಟ್ರಗಳೂ 1975ರಲ್ಲಿ ಟ್ಯುನಿಸ್ ನಗರದಲ್ಲಿ ಇಂಥದೇ ಒಪ್ಪಂದ ಮಾಡಿಕೊಂಡವು. ಅಲ್ಲಿಯ ಕಾರ್ಡು ಕಿತ್ತಳೆ ಬಣ್ಣದ್ದು. ದುಬೈಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ರಜೆಯಲ್ಲಿ ನೆರೆಯ ಒಮಾನಿಗೆ ಕಾರಿನಲ್ಲಿ ಹೊರಟರೆ, ತಮ್ಮ ಪಾಲಿಸಿ ಒಮಾನಿಗೂ ಅನ್ವಯಿಸುತ್ತದೆಯೆ ಎಂದು ಮೊದಲೇ ನೋಡಿಕೊಳ್ಳಬೇಕು. ಕೆನಡಾದ ಟೊರಾಂಟೊದಲ್ಲಿರುವ ಕನ್ನಡಿಗರು ಅಮೆರಿಕದ ಬಫೆಲೊಗೆ ಹೋದರೆ ಅವರ ಕೆನಡಾ ಪಾಲಿಸಿ ಅಲ್ಲಿಯೂ ನಡೆಯುತ್ತದೆ. ಆದರೆ ಅಮೆರಿಕದವರು ದಕ್ಷಿಣಕ್ಕೆ ತಿರುಗಿ ಮೆಕ್ಸಿಕೊಗೆ ಹೋದರೆ ಅಮೆರಿಕದ ಪಾಲಿಸಿ ಸಾಲದು, ಮೆಕ್ಸಿಕೊದ ಕಂಪನಿಯ ವಿಮೆಯನ್ನೇ ಕೊಳ್ಳಬೇಕು. ಎರಡೂ ಕಡೆ ಗಡಿಯೇ. ಒಂದು ಗಡಿಯಲ್ಲಿ ದೇಶಗಳ ನಡುವೆ ಹೊಂದಾಣಿಕೆ ಇದೆ, ಇನ್ನೊಂದರಲ್ಲಿ ಇಲ್ಲ.

ನಮ್ಮ ಉಪಖಂಡದಲ್ಲಿ? ನಮ್ಮ ಮೋಟಾರು ವಾಹನ ಕಾಯಿದೆಯಲ್ಲಿಯೇ 'ಪರಸ್ಪರ ಒಪ್ಪಿದ ದೇಶ'ದ ಕಲ್ಪನೆಯಿದೆ. ಕೇಂದ್ರ ಸರ್ಕಾರ ಅಂಥದೆಂದು ಪ್ರಕಟಿಸಿದ ದೇಶದ ನ್ಯಾಯಾಲಯದ ತೀರ್ಪು ಇಲ್ಲಿಯ ಕಂಪನಿಯನ್ನೂ ಕಟ್ಟಿಹಾಕಲು ಅದರಲ್ಲಿ ಅವಕಾಶವಿದೆ. 2015ರ ಜೂನ್ 15ರಂದು ಬಾಂಗ್ಲಾದೇಶ, ಭೂತಾನ, ಭಾರತ ಮತ್ತು ನೇಪಾಳ ಥಿಂಪುವಿನಲ್ಲಿ ವಾಹನ ಸಂಚಾರದ ಒಪ್ಪಂದಕ್ಕೆ ಸಹಿ ಹಾಕಿದವು. ಪುಟ್ಟ ಭೂತಾನ ತನ್ನ ರಸ್ತೆ ಮತ್ತು ಪರಿಸರಗಳ ಮೇಲೆ ಬೀಳುವ ಹೊರೆಗೆ ಅಂಜಿತು. 2016ರಲ್ಲಿ ಅಲ್ಲಿಯ ಸಂಸತ್ತಿನ ಮೇಲ್ಮನೆ ಒಪ್ಪಂದವನ್ನು ತಿರಸ್ಕರಿಸಿತು. ಭೂತಾನದ ಅಂಜಿಕೆಯನ್ನು ತಪ್ಪೆನ್ನಲಾಗದು. ದೊಡ್ಡ ನೆರೆಯವನ ಗಾಡಿಗಳು ಚಿಕ್ಕ ಮನೆಯ ಅಂಗಳಕ್ಕೆ ಬಂದಾಗ, ನಷ್ಟವಾದರೆ ತುಂಬಿಕೊಡುವವರಾರು ಎಂದು ಕೇಳುವ ಹಕ್ಕು ಆ ಮನೆಯವರಿಗೆ ಇದ್ದೇ ಇದೆ.

ನೀವು ಮಾಡಬಹುದಾದದ್ದು

ಇಷ್ಟು ದೂರ ತಿರುಗಿ ಈಗ ನಮ್ಮ ಊರಿಗೆ ಮರಳೋಣ. ನಿಮ್ಮಲ್ಲಿ ಬಹಳ ಮಂದಿ ದೇಶದ ಗಡಿ ದಾಟದೆ ಇರಬಹುದು. ಆದರೆ ರಸ್ತೆಯನ್ನು ದಿನವೂ ದಾಟುತ್ತೀರಿ.

ಇಂದು ಸಂಜೆ ಮನೆಯಲ್ಲಿರುವ ಸ್ಕೂಟರಿನದೋ ಕಾರಿನದೋ ವಿಮಾ ಪತ್ರವನ್ನು ಕೇಳಿ ತೆಗೆಸಿ ನಾಲ್ಕು ಸಾಲುಗಳನ್ನು ಓದಿ. ಒಂದು, ವಿಮೆ ಮುಗಿಯುವ ದಿನಾಂಕ. ಎರಡು, ಪ್ಯಾಕೇಜ್ ಪಾಲಿಸಿಯೋ ಮೂರನೆಯವರ ಹೊಣೆ ಮಾತ್ರದ ಪಾಲಿಸಿಯೋ ಎಂಬುದು. ಮೂರು, ವಾಹನವನ್ನು ಯಾವ ಬಳಕೆಗೆ ಎಂದು ನಮೂದಿಸಲಾಗಿದೆ ಎಂಬುದು. ನಾಲ್ಕು, ಭೌಗೋಳಿಕ ವ್ಯಾಪ್ತಿ.

ಮೊದಲ ಸಾಲು ಏಕೆ ಮುಖ್ಯ ಎನ್ನುತ್ತೀರಾ? 2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟಿನ ಆದೇಶದಂತೆ, ಹೊಸ ಕಾರಿಗೆ 3 ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಮೂರನೆಯವರ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. ಅನೇಕರು ಮೊದಲ ಸಲ ಕಟ್ಟಿ ಆಮೇಲೆ ಮರೆತುಬಿಡುತ್ತಾರೆ. ಎರಡನೆಯ ಸಾಲೂ ನಿಮಗೆ ನೇರವಾಗಿ ಸಂಬಂಧಿಸಿದ್ದು. ಮೂರನೆಯವರ ಹೊಣೆ ಮಾತ್ರ ಇರುವ ಪಾಲಿಸಿಯಲ್ಲಿ ದ್ವಿಚಕ್ರ ವಾಹನದ ಹಿಂದೆ ಸುಮ್ಮನೆ ಕುಳಿತು ಹೋಗುವ ಗೆಳೆಯನಿಗೆ ಆ ವಿಮೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿಯೇ ಹೇಳಿದೆ.

ವಯಸ್ಸು ತುಂಬದೆ, ಲೈಸೆನ್ಸ್ ಇಲ್ಲದೆ ಗಾಡಿ ಹತ್ತುವವರಿಗೆ ಒಂದು ಮಾತು. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಾಗಬಹುದು. ವಿಮಾ ಕಂಪನಿ ದಾರಿಹೋಕನಿಗೆ ಕೊಟ್ಟ ಪರಿಹಾರವನ್ನು ಆಮೇಲೆ ವಸೂಲು ಮಾಡುವುದು ನಿಮ್ಮ ತಂದೆಯಿಂದಲೋ ತಾಯಿಯಿಂದಲೋ ಆಗಬಹುದು. ಅರ್ಧ ಗಂಟೆಯ ಸವಾರಿಗೆ ಒಂದು ಮನೆ, ಒಂದು ತೋಟ ಕೈಬಿಟ್ಟು ಹೋದೀತು.

ಇನ್ನು ಅಪಘಾತವನ್ನು ಕಣ್ಣಾರೆ ಕಂಡಾಗ ಏನು ಮಾಡಬೇಕು? ಗಾಯಗೊಂಡವರನ್ನು ಮೊದಲು ಆಸ್ಪತ್ರೆಗೆ ಸೇರಿಸಲು ನೆರವಾಗಿ. ನೆರವಾದವರನ್ನು ಕಾಯಿದೆ ಈಗ ರಕ್ಷಿಸುತ್ತದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರ ಯೋಜನೆಯಂತೆ ಗಾಯಾಳುವಿಗೆ 7 ದಿನಗಳವರೆಗೆ 1.5 ಲಕ್ಷ ರೂಪಾಯಿಯಷ್ಟು ಚಿಕಿತ್ಸೆ ಕೈಯಿಂದ ಹಣ ಕೊಡದೆ ದೊರೆಯಬೇಕು. ಆ ಬಳಿಕ ವಾಹನದ ನಂಬರನ್ನು ಬರೆದಿಟ್ಟುಕೊಳ್ಳಿ. ಆ ಒಂದು ನಂಬರಿನಿಂದಲೇ ವಿಮಾ ಕಂಪನಿ ಯಾವುದೆಂದು ತಿಳಿಯುತ್ತದೆ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದೆ ಹೋದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವನ್ನು 2022ರ ಏಪ್ರಿಲ್‌ನಿಂದ ಗೊತ್ತುಮಾಡಲಾಗಿದೆ. ವಾಹನ ಪತ್ತೆಯಾದರೆ ಆದ ನಷ್ಟವನ್ನು ನೋಡಿ ನ್ಯಾಯಮಂಡಳಿ ಪರಿಹಾರ ನಿರ್ಧರಿಸುತ್ತದೆ. ನೀವು ಬರೆದಿಟ್ಟ ನಂಬರು ಒಂದು ಕುಟುಂಬದ ಮುಂದಿನ ಬದುಕನ್ನೇ ಬದಲಿಸಬಹುದು.

ವಿದ್ಯಾರ್ಥಿ ಮಿತ್ರರೇ, ವಿಮೆಯ ಕಾಗದವನ್ನು ಪೊಲೀಸರಿಗೆ ತೋರಿಸಲೆಂದು ಮಾತ್ರ ಇಟ್ಟುಕೊಳ್ಳುವವರೇ ಹೆಚ್ಚು. ಅದನ್ನು ನಿಜವಾಗಿ ತೋರಿಸಬೇಕಾದದ್ದು ನಮಗೆ ಹೆಸರೂ ತಿಳಿಯದ ಒಬ್ಬ ದಾರಿಹೋಕನಿಗೆ. ಅವನು ಜಾವಗಲ್ಲಿನವನಾಗಿರಬಹುದು, ಕಾಸರಗೋಡಿನವನಾಗಿರಬಹುದು, ಸೋನೌಲಿಯ ಆಚೆಯವನಾಗಿರಬಹುದು. ಗಾಡಿ ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಯವರೆಗೂ ನಮ್ಮ ಹೊಣೆ ಹೋಗುತ್ತದೆ. ವಿಮೆಯೂ ಅಲ್ಲಿಯವರೆಗೆ ಬರುವಂತೆ ನೋಡಿಕೊಳ್ಳುವುದು ಹೊರಡುವವರ ಕರ್ತವ್ಯ.